ಹೆಗಲ ಮೇಲಿನ ಬೆಕ್ಕು

"ನಿಮಗೆ ತುಂಬಾ ಇಷ್ಟವಾದ ಸಿನಿಮಾ ಕ್ಯಾಮೆರಾ ಯಾವುದು?" ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಆಟೋನ್ ಅನ್ನುತ್ತೇನೆ. "ಹೆಸರೇ ಕೇಳಿಲ್ಲವಲ್ಲ, ಅದೇನು ಅಂಥಾದ್ದು?" ಅಂತಾರೆ. ಅದಕ್ಕೇ ಈ ಉತ್ತರ.

ಫ್ರಾನ್ಸಿನ ಗ್ರೆನೋಬ್ಲ್ ಊರಲ್ಲಿ ಝಾಂ-ಪಿಯೆರ್ ಬೊವಿಯಾಲಾ ಅನ್ನುವ ಎಲೆಕ್ಟ್ರಾನಿಕ್ಸ್ ಮೇಷ್ಟ್ರು ಇದ್ದರು. 1960ರ ದಶಕದಲ್ಲಿ ಅವರಿಗೆ ತಮ್ಮ ಊರಿನ ಬಗ್ಗೆಯೇ ಒಂದು ಸಿನಿಮಾ ಮಾಡುವ ಆಸೆ ಹುಟ್ಟಿತು. ಅದಕ್ಕೆ ಬೇಕಾದ ಕ್ಯಾಮೆರಾ ಸಿಗಲಿಲ್ಲ. ಆಗೆಲ್ಲ ಚಿತ್ರ ಮತ್ತು ಧ್ವನಿ ಒಂದೇ ವೇಗದಲ್ಲಿ ಓಡಲಿ ಅಂತ ಕ್ಯಾಮೆರಾಕ್ಕೂ ಟೇಪ್ ರೆಕಾರ್ಡರಿಗೂ ನಡುವೆ ಒಂದು ವೈರ್ ಎಳೆಯುತ್ತಿದ್ದರು. ಕ್ಯಾಮೆರಾ ಹಿಡಿದವನೂ ಧ್ವನಿ ಮುದ್ರಿಸುವವನೂ ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಜೊತೆಜೊತೆಗೇ ಓಡಾಡಬೇಕು. ಬೊವಿಯಾಲಾ ಕ್ಯಾಮೆರಾದ ಮೋಟಾರಿಗೆ ಕ್ವಾರ್ಟ್ಸ್ ಹರಳಿನ ಲೆಕ್ಕ ಕೊಟ್ಟರು, ಗಡಿಯಾರಕ್ಕೆ ಕೊಡುವ ಹಾಗೆ. ರೆಕಾರ್ಡರಿನಲ್ಲೂ ಅಂಥದ್ದೇ ಹರಳಿದ್ದರೆ ವೈರೇ ಬೇಡ. ಕೆಲಕಾಲ ಎಕ್ಲೇರ್ ಅನ್ನುವ ಕ್ಯಾಮೆರಾ ಕಂಪನಿಗೆ ಕೆಲಸ ಮಾಡಿ, 1971ರಲ್ಲಿ ಗ್ರೆನೋಬ್ಲ್‌ನಲ್ಲೇ ಆಟೋನ್ ಶುರು ಮಾಡಿದರು.

ಅವರ 16 ಎಂ.ಎಂ. ಅಗಲದ ಫಿಲ್ಮಿನ ಕ್ಯಾಮೆರಾ ನೋಡಿದರೆ ಯಾರಿಗಾಗಿ ಮಾಡಿದ್ದು ಅಂತ ತಾನೇ ತಿಳಿಯುತ್ತದೆ. ಹೊರುವವನಿಗಾಗಿ. ಹೆಗಲಿನ ಮೇಲೆ ಬೆಕ್ಕು ಕೂತ ಹಾಗಿರಬೇಕು ಅನ್ನುವುದು ಬೊವಿಯಾಲಾ ಅವರ ಮಾತು. ಕೆಳಭಾಗ ಹೆಗಲಿಗೆ ಒಪ್ಪುವ ಹಾಗೆ ಬಾಗಿದೆ. ಫಿಲ್ಮ್ ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್, ಹಿಂದಕ್ಕೆ ಇರುವುದರಿಂದ ಭಾರ ಮುಂದಕ್ಕೆ ಎಳೆಯುವುದಿಲ್ಲ. ಹಿಡಿಕೆ ಮರದ್ದು. ಸುಮಾರು 11 ನಿಮಿಷಕ್ಕೆ ರೋಲ್ ಮುಗಿದರೆ, ಮೊದಲೇ ತುಂಬಿಟ್ಟ ಇನ್ನೊಂದು ಮ್ಯಾಗಜೀನನ್ನು ಹಿಂದಿನಿಂದ ಸಿಕ್ಕಿಸಿದರೆ ಸಾಕು, ಕೆಲವೇ ಸೆಕೆಂಡುಗಳ ಕೆಲಸ. ಎದುರಿಗಿರುವವರ ಮಾತು ಅರ್ಧಕ್ಕೇ ನಿಲ್ಲುವುದಿಲ್ಲ. ಸಾಕ್ಷ್ಯಚಿತ್ರ ತೆಗೆಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇದೆಯಾ?

ನನಗೆ ಇನ್ನೂ ಜಾಸ್ತಿ ಇಷ್ಟವಾದದ್ದು ಟೈಮ್‌ಕೋಡ್. ಕ್ಯಾಮೆರಾದೊಳಗಿನ ಪುಟ್ಟ ದೀಪಗಳು ಫಿಲ್ಮಿನ ಅಂಚಿನಲ್ಲಿ ಸಮಯವನ್ನು ಬರೆಯುತ್ತಾ ಹೋಗುತ್ತವೆ. ಗಂಟೆ, ನಿಮಿಷ, ಸೆಕೆಂಡು ಎಲ್ಲ ಕಣ್ಣಿಗೆ ಕಾಣುವ ಅಂಕೆಗಳಲ್ಲಿ. ಎಡಿಟಿಂಗ್ ಟೇಬಲ್ಲಿನಲ್ಲಿ ಧ್ವನಿ ಜೋಡಿಸಲು, ಶಾಟಿನ ಶುರುವಿನಲ್ಲಿ ಹಲಗೆ ಬಡಿಯುವ ಆ ಕ್ಲ್ಯಾಪ್ ಹುಡುಕಬೇಕಿಲ್ಲ.

ಝಾಂ ರೂಷ್, ರೇಮೊಂ ದೆಪಾರ್ದೊಂ ಅವರಂಥ ಫ್ರೆಂಚ್ ಸಾಕ್ಷ್ಯಚಿತ್ರಕಾರರು ಈ ಕ್ಯಾಮೆರಾ ಹೊತ್ತು ತಿರುಗಿದರು. 2010ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದ 'ದಿ ಹರ್ಟ್ ಲಾಕರ್' ಅನ್ನು ಜೋರ್ಡಾನಿನ ಬಿಸಿಲಲ್ಲಿ ತೆಗೆದದ್ದೂ ಆಟೋನ್ ಸೂಪರ್ 16 (ಅದೇ 16 ಎಂ.ಎಂ. ಫಿಲ್ಮಿನಲ್ಲಿ ಇನ್ನಷ್ಟು ಅಗಲದ ಚಿತ್ರ) ಕ್ಯಾಮೆರಾಗಳಲ್ಲೇ.

ಡಿಜಿಟಲ್ ಬಂದಾಗಲೂ ಬೊವಿಯಾಲಾ ಕೈಕಟ್ಟಿ ಕೂರಲಿಲ್ಲ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಸಣ್ಣ ಕಣಗಳು ಒಂದೊಂದು ಫ್ರೇಮಿಗೂ ಬೇರೆ ಬೇರೆ ಕಡೆ ಬೀಳುತ್ತವಲ್ಲ, ಅದಕ್ಕೇ ಚಿತ್ರ ಜೀವಂತ ಅನ್ನಿಸುವುದು ಅಂತ ಅವರ ನಂಬಿಕೆ. ಹಾಗಾಗಿ ಪೆನೆಲೋಪ್ ಡೆಲ್ಟಾ ಅನ್ನುವ ಡಿಜಿಟಲ್ ಕ್ಯಾಮೆರಾದಲ್ಲಿ, ಫಿಲ್ಮಿನ ಬದಲು ಬೆಳಕು ಹಿಡಿಯುವ ಸೆನ್ಸರನ್ನೇ ಫ್ರೇಮಿನಿಂದ ಫ್ರೇಮಿಗೆ ಚೂರೇ ಚೂರು ಸರಿಸಿದರು! ಆದರೆ ತಕ್ಕ ಗುಣಮಟ್ಟದ ಸೆನ್ಸರುಗಳು ಕೈಗೆ ಸಿಗಲಿಲ್ಲ. 2013ರಲ್ಲಿ ಕಂಪನಿ ದಿವಾಳಿಯಾಗಿ, ಅದನ್ನು ಟ್ರಾನ್ಸ್‌ವಿಡಿಯೋ ಅನ್ನುವ ಇನ್ನೊಂದು ಕಂಪನಿ ಕೊಂಡುಕೊಂಡಿತು. 2019ರ ಏಪ್ರಿಲ್‌ನಲ್ಲಿ ಬೊವಿಯಾಲಾ ತೀರಿಕೊಂಡರು.

ಎಲ್ಲಾದರೂ ಒಂದು ಹಳೇ ಆಟೋನ್ ನಿಮ್ಮ ಕೈಗೆ ಸಿಕ್ಕರೆ, ಮೊದಲೇ ಲೆನ್ಸ್ ನೋಡಲು ಹೋಗಬೇಡಿ. ಹೆಗಲಿಗೆ ಏರಿಸಿ, ಮರದ ಹಿಡಿಕೆ ಹಿಡಿದು, ಸುಮ್ನೆ ನಾಲ್ಕು ಹೆಜ್ಜೆ ನಡೆದು ನೋಡಿ.