ಫ್ಲೂಮ್ ಲಾಗ್: ಬಗ್ಗಡ ಹೋಯಿತು, ಮರಳಿನ ಅಲೆ ಕಂಡಿತು

ಕೊನೆಗೂ ನನ್ನ ಫ್ಲೂಮಿನ (ಮರಳಿನ ಮೇಲೆ ನೀರು ಹರಿಸಿ ಬದಿಯಿಂದ ನೋಡುವ ಕೃತಕ ಕಾಲುವೆ) ಅಕ್ರಿಲಿಕ್ ಗೋಡೆಯಾಚೆ ಮರಳಿನ ಅಲೆಗಳು ನಡೆಯುವುದು ಕಾಣುತ್ತಿದೆ. ಕಾಳುಗಳು ಏರಿನ ಮೇಲೆ ಉರುಳಿ ಬಂದು, ನೆತ್ತಿಯಲ್ಲಿ ಒಂದು ಕ್ಷಣ ತಡೆದು, ಆಚೆ ಜಾರಿ ಕೂರುತ್ತವೆ. ಚೌಕಟ್ಟು, ಇಳಿಜಾರು, ಪಂಪ್ ಎಲ್ಲ ಎಂದಿನಂತೆಯೇ. ತಲೆ ತಿಂದಿದ್ದು ಬಗ್ಗಡ ಒಂದೇ.

ಚೀಲದ ಮೇಲೆ ‘ಡಬಲ್ ವಾಶ್ಡ್’ ಎಂದು ಅಚ್ಚಾದ ಎಂ-ಸ್ಯಾಂಡ್ ಒಂದು ಹಿಡಿ ನೀರಿನ ಜಾರ್‌ಗೆ ಹಾಕಿ ಕುಲುಕಿದರೆ ನೀರು ಮಜ್ಜಿಗೆ! ‘ಪ್ಲಾಸ್ಟರಿಂಗ್‌ಗೆ ಯಾರೂ ಕಂಪ್ಲೇಂಟ್ ಹೇಳಿಲ್ಲ ಸಾರ್’ ಅಂತಾನೆ ಅಂಗಡಿಯವ. ಕಲ್ಲು ಪುಡಿ ಮಾಡಿದ ಮರಳಿನಲ್ಲಿ 75 ಮೈಕ್ರಾನ್‌ಗಿಂತ ಸಣ್ಣದು ಶೇ. 15ರವರೆಗೆ ಇರಲು ಭಾರತೀಯ ಮಾನಕ ಐಎಸ್ 383 ಒಪ್ಪುತ್ತದೆ. ಕಾಂಕ್ರೀಟಿಗೆ ಅದು ನಡೆಯುತ್ತದೆ. ಫ್ಲೂಮಿಗೆ ಹಾಕುವ 10 ಕಿಲೋದಲ್ಲಿ ಒಂದೂವರೆ ಕಿಲೋ ಧೂಳಿದ್ದರೆ ಗೋಡೆಯಾಚೆ ಏನೂ ಕಾಣದು.

ಫ್ಲೂಮಿನಿಂದ ಬಂದ ನೀರು ಪಂಪಿಗೆ ಹೋಗುವ ಮೊದಲು ನಿಲ್ಲುವ ತೊಟ್ಟಿಯನ್ನು ಆಳ ಮಾಡಿದರೆ ಧೂಳು ಕೂರುತ್ತದೆ ಎಂದು ಎಲ್ಲರಿಗೂ ಅನಿಸುತ್ತದೆ. ಕೂರುವುದಿಲ್ಲ. ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ 1904ರಲ್ಲೇ ತೋರಿಸಿದಂತೆ ಇಲ್ಲಿ ಲೆಕ್ಕಕ್ಕೆ ಬರುವುದು ಹರಿವು ಮತ್ತು ತೊಟ್ಟಿಯ ಮೇಲ್ಮೈ ವಿಸ್ತೀರ್ಣ ಮಾತ್ರ. ಗಂಟೆಗೆ 2000 ಲೀಟರ್ ಪಂಪು, 60 × 40 ಸೆಂ.ಮೀ. ತೊಟ್ಟಿ: ಭಾಗಿಸಿದರೆ ಸೆಕೆಂಡಿಗೆ 2.3 ಮಿ.ಮೀ. ಅದಕ್ಕಿಂತ ನಿಧಾನ ಇಳಿಯುವುದು, ಅಂದರೆ ಸುಮಾರು 50 ಮೈಕ್ರಾನ್‌ಗಿಂತ ಸಣ್ಣದು, ಬಹುಪಾಲು ಮತ್ತೆ ಪಂಪಿಗೇ ಹೋಗುತ್ತದೆ.

ಹಾಗಾಗಿ ಮೇಲ್ಮೈಯನ್ನೇ ಹೆಚ್ಚಿಸಬೇಕು. 40 × 30 ಸೆಂ.ಮೀ.ನ ಹತ್ತು ಅಕ್ರಿಲಿಕ್ ಹಾಳೆಗಳನ್ನು ತೊಟ್ಟಿಯಲ್ಲಿ ನೆಲಮಟ್ಟಕ್ಕೆ 60 ಡಿಗ್ರಿ ಓರೆಯಲ್ಲಿ, ಎರಡೂವರೆ ಸೆಂ.ಮೀ. ಸಂದು ಬಿಟ್ಟು ನಿಲ್ಲಿಸಿ, ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ. ನೆರಳಿನ ಲೆಕ್ಕದಲ್ಲಿ (ನೆತ್ತಿಯ ಮೇಲಿನ ಬೆಳಕಿಗೆ ಹಾಳೆಗಳ ನೆರಳು ಬೀಳುವಷ್ಟು ಜಾಗ) 0.6 ಚದರ ಮೀಟರ್ ಸಿಗುತ್ತದೆ, ಮಿತಿ 32 ಮೈಕ್ರಾನಿಗೆ ಇಳಿಯುತ್ತದೆ. ಈ ಕೋನ ಕಡಿಮೆ ಮಾಡಿದರೆ ಲೆಕ್ಕದಲ್ಲಿ ಲಾಭ, ಆದರೆ ಕೂತ ಗಸಿ ಜಾರದೆ ಹಾಳೆಯ ಮೇಲೇ ಕಟ್ಟಿಕೊಳ್ಳುತ್ತದೆ.

ನಿಜವಾದ ಕೆಲಸ ಬಕೆಟ್ಟಿನಲ್ಲಿದೆ: ಮರಳನ್ನು ಫ್ಲೂಮಿಗೆ ಹಾಕುವ ಮೊದಲೇ ತೊಳೆಯುವುದು. 10 ಲೀಟರಿಗೆ ಒಂದೇ ಕಿಲೋ ಮರಳು. ಹೆಚ್ಚಾದರೆ ಕಾಳುಗಳು ಒಂದಕ್ಕೊಂದು ಅಡ್ಡ ಬಂದು ನಿಧಾನವಾಗುತ್ತವೆ. ಸುತ್ತ ತಿರುಗಿಸಬೇಡಿ, ಸುಳಿ ನಿಲ್ಲುವವರೆಗೆ ಸಮಯದ ಲೆಕ್ಕವೇ ಕೆಡುತ್ತದೆ. ಮೇಲೆ ಕೆಳಗೆ ಕಲಕಿ. 50 ಮೈಕ್ರಾನ್ ಕಾಳು 20 ಸೆಂ.ಮೀ. ಇಳಿಯಲು 20 ಡಿಗ್ರಿ ನೀರಿನಲ್ಲಿ 90 ಸೆಕೆಂಡ್, ಬೇಸಿಗೆಯ 30 ಡಿಗ್ರಿಯಲ್ಲಿ 70. ಅಷ್ಟಾದ ಕೂಡಲೇ ಮೇಲಿನ 20 ಸೆಂ.ಮೀ. ನೀರನ್ನು ಪೈಪಿನಲ್ಲಿ ಎಳೆದು ಚೆಲ್ಲಿ. ತಳದ ಹತ್ತಿರವೇ ಇದ್ದ ಧೂಳು ಉಳಿದಿರುತ್ತದೆ, ಆದ್ದರಿಂದ ಚೆಲ್ಲಿದ ನೀರು ತಿಳಿಯಾಗುವವರೆಗೂ ಮತ್ತೆ ಮತ್ತೆ.

ಮುಂದಿನ ಯೋಜನೆಗೆ ಇಂಥ ಸಣ್ಣ ಕಾಳೇ ಬೇಕು! ತೊಟ್ಟಿಯ ಅರ್ಧಕ್ಕೆ ಲೀಟರಿಗೆ 35 ಗ್ರಾಂ ಉಪ್ಪಿನ ನೀರು, ಇನ್ನರ್ಧದಿಂದ ಜೇಡಿ ಬೆರೆತ ಸಿಹಿನೀರು: ಉಪ್ಪು ತಾಗಿದ ಕಡೆ ಜೇಡಿ ಗಂಟುಗಟ್ಟಿ ಕೂರುವುದನ್ನು, ಅಳಿವೆಯಲ್ಲಿ ಆಗುವಂತೆಯೇ, ಬದಿಯಿಂದ ನೋಡಬಹುದು.

ಬಗ್ಗಡ ಬೇಗ ಕೂರಿಸಲು ಹಾಕುವ ಪಟಕದ ಬಗ್ಗೆ ಒಂದು ಮಾತು. 2 ಮೈಕ್ರಾನ್ ಜೇಡಿ 10 ಸೆಂ.ಮೀ. ಇಳಿಯಲು ಏಳೂವರೆ ಗಂಟೆಗೂ ಹೆಚ್ಚು ಬೇಕು, ಹಾಗಾಗಿ ಲೀಟರಿಗೆ 30 ಮಿ.ಗ್ರಾಂ ಪಟಕ ಹಾಕುವುದು ಸರಿಯೇ. ಆದರೆ ಬಕೆಟ್ಟಿನಲ್ಲಿ ಮಾತ್ರ: ಓಡುವ ಪಂಪಿನ ರೆಕ್ಕೆ ಆ ಮೃದು ಗಂಟುಗಳನ್ನು ಮತ್ತೆ ಒಡೆದುಹಾಕುತ್ತದೆ. ಆರ್‌ಓ ನೀರಾದರೆ ಚಿಟಿಕೆ ಅಡುಗೆ ಸೋಡಾ ಸೇರಿಸಿ, ಇಲ್ಲದಿದ್ದರೆ ಗಂಟು ಸರಿಯಾಗಿ ಕಟ್ಟುವುದಿಲ್ಲ.