ಮಲ್ಲಯ್ಯನ ಗಂಗಾಸ್ನಾನದ ದಿನ

ಹಲವು ವರ್ಷಗಳ ನಂತರ ಈ ಸಂಕ್ರಾಂತಿಗೆ ನಮ್ಮ ಮನೆ ದೇವರು, ಯಾದಗಿರಿ ಜಿಲ್ಲೆಯ ಮೈಲಾಪುರದ ಮಲ್ಲಯ್ಯ ನನ್ನನ್ನು ಕರೆಸಿಕೊಂಡ. ಮಗನ ಕಾಯಿಲೆಯ ಕಾಲದಲ್ಲಿ ಹೊತ್ತ ಹರಕೆ ಬಾಕಿ ಇತ್ತು, ಅದು ತೀರಿತು. ಗುಡ್ಡದ ಗುಹೆಯಿಂದ ಪಲ್ಲಕ್ಕಿ ಹೊರಬಂದಾಗ ‘ಏಳುಕೋಟಿ ಏಳುಕೋಟಿಗೋ’ ಎಂಬ ಕೂಗು ಎದ್ದಿತು. ಮರುಕ್ಷಣವೇ ಆಕಾಶ ಕಾಣಲಿಲ್ಲ. ಎತ್ತ ನೋಡಿದರೂ ಭಂಡಾರ, ಭಕ್ತರು ಎರಚುವ ಅರಿಸಿನದ ಪುಡಿ.

ಆ ಭಂಡಾರದ ವಾಸನೆಯನ್ನು ಏನೆಂದು ಹೇಳಲಿ! ಅಡುಗೆಮನೆಯ ಅರಿಸಿನದ ವಾಸನೆಯಲ್ಲ ಅದು. ಕಂಬಳಿ, ಬೆವರು, ಕೊಬ್ಬರಿ, ಧೂಳು ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಮೂಗಿಗೆ ಹೋದದ್ದು ಎದೆಯವರೆಗೂ ಇಳಿಯುತ್ತದೆ. ನನಗೆ ಅದು ನಮ್ಮ ಮುತ್ಯಾನ (ಅಜ್ಜನ) ಅಂಗೈಯ ವಾಸನೆ. ಜಾತ್ರೆಯಿಂದ ಬಂದವನು ಕೈಕಾಲು ತೊಳೆಯುವ ಮೊದಲು ಮನೆಯ ಮಕ್ಕಳ ಹಣೆ, ಎತ್ತಿನ ಹಣೆ, ಕಣಜದ ಬಾಗಿಲು, ನೇಗಿಲು ಎಲ್ಲಕ್ಕೂ ಭಂಡಾರ ಹಚ್ಚುತ್ತಿದ್ದ. ಒರಟು ಹೆಬ್ಬೆರಳು. ಒತ್ತಿ ಹಚ್ಚಿದರೆ ಹಣೆ ಉರಿಯುತ್ತಿತ್ತು. “ಮಲ್ಲಯ್ಯ ಕಾಯುತ್ತಾನೆ, ಹೋಗು” ಎನ್ನುತ್ತಿದ್ದ, ಅಷ್ಟೇ. ಮುತ್ಯಾನಿಗೆ ಮಂತ್ರ ಬರುತ್ತಿರಲಿಲ್ಲ, ಓದು ಬರುತ್ತಿರಲಿಲ್ಲ. ಆದರೆ ಆ ಹೆಬ್ಬೆರಳಿನಲ್ಲಿದ್ದ ನಂಬಿಕೆ ನನಗೆ ಮುಂದೆ ಯಾವ ಪ್ರವಚನದಲ್ಲೂ ಸಿಗಲಿಲ್ಲ.

ಮಣಿಕಾಸುರ, ಮಲ್ಲಾಸುರರನ್ನು ಕೊಲ್ಲಲು ಶಿವನು ಏಳು ಕೋಟಿ ದಂಡಿನೊಡನೆ ಮೈಲಾರನಾಗಿ, ಅಂದರೆ ನಮ್ಮ ಮಲ್ಲಯ್ಯನಾಗಿ ಬಂದ ಕಥೆ ಎಲ್ಲರಿಗೂ ಗೊತ್ತು. ನನ್ನ ಮನಸ್ಸು ಕರಗುವುದು ಯುದ್ಧದ ಕಥೆಗಲ್ಲ, ಸಂಕ್ರಾಂತಿಯಂದು ಆ ದೇವರೇ ಹೊನ್ನಕೆರೆಗೆ ಗಂಗಾಸ್ನಾನಕ್ಕೆ ಹೊರಡುತ್ತಾನಲ್ಲ, ಅದಕ್ಕೆ. ಕುರಿ ಕಾಯುವವರ ನಡುವೆ, ಅವರದೇ ಹೆಗಲ ಮೇಲೆ, ಅವರು ಮೀಯುವ ನೀರಿಗೆ. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಪದ್ಧತಿ ಹಿಂದೆ ಇತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿದೆ, ದಾರಿಯಲ್ಲೇ ತಡೆಯುತ್ತದೆ. ಸಂಪ್ರದಾಯ ಮುರಿಯಿತೆಂದು ನೊಂದುಕೊಳ್ಳುವ ಹಿರಿಯರಿದ್ದಾರೆ. ನಾನು ಮಾತ್ರ ಕೈಮುಗಿದು ಹೇಳುತ್ತೇನೆ: ಕುರುಬರ ದೇವರಿಗೆ ಮರಿಯ ನೋವು ತಿಳಿಯದೆ ಇರುತ್ತದೆಯೇ? ಭಂಡಾರ ಸಾಕು ಅವನಿಗೆ.

ಸೂರ್ಯ ಮಕರ ರಾಶಿಗೆ ಬರುವ ದಿನವೇ ಸಂಕ್ರಾಂತಿ. ಹಗಲು ಬೆಳೆಯಲು ತೊಡಗುವುದು ಮಾತ್ರ ಡಿಸೆಂಬರ್ 21–22ರ ಸುಮಾರಿಗೇ. ಸುಮಾರು 1700 ವರ್ಷಗಳ ಹಿಂದೆ ಇವೆರಡೂ ಕೂಡಿಯೇ ಬರುತ್ತಿದ್ದವು. ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಅಂತರ ಬೆಳೆದು, ಹಬ್ಬ ಈಗ ಜನವರಿ 14 ಅಥವಾ 15ಕ್ಕೆ ಬಂದು ನಿಂತಿದೆ. ಇದನ್ನು ಹಿಡಿದು ‘ತಪ್ಪು ದಿನ ಆಚರಿಸುತ್ತೀರಿ’ ಎನ್ನುವವರುಂಟು. ಶರಶಯ್ಯೆಯಲ್ಲಿ ಉತ್ತರಾಯಣಕ್ಕಾಗಿ ಕಾದ ಭೀಷ್ಮನನ್ನು ನೆನೆದು ನದಿಗಿಳಿಯುವವನು ಲೆಕ್ಕ ಕೇಳುವುದಿಲ್ಲ. ಗಾಣಗಾಪುರದಲ್ಲಿ ಭೀಮಾ–ಅಮರ್ಜಾ ಸಂಗಮಕ್ಕೆ ಚಳಿಯಲ್ಲೇ ಇಳಿಯುವವರ ಮುಖ ನೋಡಿದರೆ ಸಾಕು.

ನಮ್ಮ ಕಡೆ ಹಬ್ಬ ಭೋಗಿಯಿಂದಲೇ ಶುರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿ ಕಡಲೆ, ತೊಗರಿ, ಅವರೆ, ಸೊಪ್ಪು ಕೂಡಿಸಿ ಮಾಡಿದ ಭಜ್ಜಿ ಪಲ್ಯ, ಶೇಂಗಾ ಹೋಳಿಗೆ. ಹೊಲದಲ್ಲಿ ಆಗ ಏನಿದೆಯೋ ಅದೇ ನೈವೇದ್ಯ. ಮರುದಿನ ಮೈಗೆ ಅರೆದ ಎಳ್ಳು ಹಚ್ಚಿ ಸ್ನಾನ, ಬುತ್ತಿ ಕಟ್ಟಿಕೊಂಡು ಹೊಳೆಗೆ. ಚಳಿಗಾಲದಲ್ಲಿ ಎಳ್ಳೆಣ್ಣೆಯ ಜಿಡ್ಡು ಚರ್ಮ ಒಣಗದಂತೆ ಕಾಯುತ್ತದೆ. ಹಿರಿಯರು ಆರೋಗ್ಯವನ್ನೂ ದೇವರ ಕೈಗೇ ಕೊಟ್ಟಿದ್ದರು. ಈಗ ಎಳ್ಳು ಅರೆಯುವ ಮನೆ ಎಷ್ಟು ಉಳಿದಿವೆ? ರಜೆಯೆಂದರೆ ತಡವಾಗಿ ಏಳುವುದು, ಕುಸುರೆಳ್ಳಿನ ಚಿತ್ರವನ್ನು ಮೊಬೈಲಿನಲ್ಲಿ ಕಳಿಸುವುದು. ಪಕ್ಕದ ಮನೆಯ ಅಜ್ಜಿ ಎಳ್ಳು ಹಿಡಿದು ಬಾಗಿಲಿಗೆ ಬಂದರೆ ಟಿವಿಯ ಸದ್ದು ತಗ್ಗಿಸುವವರೂ ಇಲ್ಲ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತಾಯಂದಿರೇ, ಒಂದು ಹಿಡಿ ಎಳ್ಳನ್ನಾದರೂ ಮಕ್ಕಳ ಕೈಯಿಂದಲೇ ಅರೆಸಿ. ಮನೆ ದೇವರು ಮಲ್ಲಯ್ಯನಾಗಿದ್ದರೆ ವರ್ಷಕ್ಕೊಮ್ಮೆ ಅವರನ್ನು ಮೈಲಾಪುರಕ್ಕೆ ಕರೆತನ್ನಿ. ಬೀದರ ಕಡೆಯವರಿಗೆ ಖಾನಾಪುರದ ಮೈಲಾರ ಮಲ್ಲಣ್ಣ ಇದ್ದಾನೆ. ಬಿಳಿ ಅಂಗಿ ಹಾಳಾಗುತ್ತದೆಂದು ದೂರ ನಿಲ್ಲಿಸಬೇಡಿ, ಪಲ್ಲಕ್ಕಿ ಹಾದುಹೋಗುವಾಗ ಅವರ ಮೇಲೂ ಭಂಡಾರ ಬೀಳಲಿ.