ಉಪ್ಪನ್ನು ಒಡಲಲ್ಲೇ ಇಟ್ಟುಕೊಂಡ ಮಸಾಲೆ

ನಾನು ಕುಂದಾಪುರದ ಕಡೆಯವನು. ಅಮೆರಿಕದ ಬಾಲ್ಟಿಮೋರಿನ ಹೋಟೆಲೊಂದರ ಅಡುಗೆಮನೆ ಸೇರಿದ ಎರಡನೇ ವಾರದಲ್ಲೇ 5 ಪೌಂಡ್ ಏಡಿ ಮಾಂಸ ಕೆಡಿಸಿದೆ. ಕ್ರ್ಯಾಬ್ ಕೇಕ್, ಅಂದರೆ ಏಡಿ ಮಾಂಸದ ದಪ್ಪ ವಡೆ, ಅದಕ್ಕೆ ಹಿಟ್ಟು ಕಲಸುವ ಕೆಲಸ. ಕೈಗೆ ಕೊಟ್ಟಿದ್ದು ಓಲ್ಡ್ ಬೇ ಎಂಬ ಮಸಾಲೆ ಪುಡಿಯ ಹಳದಿ ಡಬ್ಬಿ. ನಮ್ಮೂರಲ್ಲಿ ಮೀನಿಗೆ ಮಸಾಲೆ ಬೇರೆ, ಉಪ್ಪು ಬೇರೆ. ಅದೇ ರೂಢಿಯಲ್ಲಿ ಪುಡಿಯನ್ನು ಧಾರಾಳವಾಗಿ ಸುರಿದು, ಮೇಲೆ ಉಪ್ಪನ್ನೂ ಹಾಕಿದೆ.

ಮುಖ್ಯ ಬಾಣಸಿಗರು ನಾಣ್ಯದಷ್ಟು ಹಿಟ್ಟನ್ನು ಕಾವಲಿಯಲ್ಲಿ ಬೇಯಿಸಿ ಬಾಯಿಗಿಟ್ಟು, ಉಗುಳಿದರು. ಬೈಯಲಿಲ್ಲ. ಡಬ್ಬಿಯ ಬೆನ್ನು ತಿರುಗಿಸಿ ತೋರಿಸಿದರು: ಪಟ್ಟಿಯಲ್ಲಿ ಮೊದಲ ಹೆಸರೇ ಸೆಲರಿ ಉಪ್ಪು, ಅಂದರೆ ಸೆಲರಿ ಸೊಪ್ಪಿನ ಬೀಜ ಬೆರೆಸಿದ ಉಪ್ಪು! ಕೆಂಪು ಮೆಣಸು, ಕರಿಮೆಣಸು, ಪ್ಯಾಪ್ರಿಕಾ ಎಂಬ ಖಾರ ಕಡಿಮೆಯ ಮೆಣಸಿನ ಪುಡಿ ಎಲ್ಲ ಆಮೇಲೆ.

ಇಷ್ಟು ಉಪ್ಪೇಕೆ ಎಂಬುದು ಇಡೀ ಏಡಿ ಬೇಯಿಸುವುದನ್ನು ಕಂಡಾಗ ಅರ್ಥವಾಯಿತು. ನೀರು, ವಿನೆಗರ್ ಕುದಿಯುವ ಪಾತ್ರೆಯ ಜಾಲರಿಯ ಮೇಲೆ ಚೆಸಪೀಕ್ ಕೊಲ್ಲಿಯ ನೀಲಿ ಏಡಿಗಳನ್ನು ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಹಿಡಿಗಟ್ಟಲೆ ಪುಡಿ ಎರಚುತ್ತಾರೆ. ಅದು ಚಿಪ್ಪಿಗೆ ಅಂಟುತ್ತದೆಯೇ ಹೊರತು ಮಾಂಸಕ್ಕೆ ಹೆಚ್ಚು ಇಳಿಯುವುದಿಲ್ಲ. ಕಾಗದ ಹಾಸಿದ ಮೇಜಿನ ಮೇಲೆ ಮರದ ಸುತ್ತಿಗೆಯಿಂದ ಚಿಪ್ಪು ಒಡೆಯುವಾಗ ಬೆರಳಿಗೆ ಮೆತ್ತಿದ್ದೇ ಮಾಂಸದ ಜೊತೆ ಬಾಯಿ ಸೇರುತ್ತದೆ. ಅರ್ಧಕ್ಕರ್ಧ ಕಸಕ್ಕೇ ಹೋಗುತ್ತದೆ ಅನ್ನಿ.

ಈ ಮಸಾಲೆಯನ್ನು ರೂಪಿಸಿದ ಗುಸ್ತಾವ್ ಬ್ರನ್, ನಾಜಿಗಳ ಜರ್ಮನಿಯಿಂದ ಪಾರಾಗಿ ಬಂದ ಯಹೂದಿ ಮಸಾಲೆ ವ್ಯಾಪಾರಿ. 1939ರಲ್ಲಿ ಬಾಲ್ಟಿಮೋರಿನ ಸಗಟು ಮೀನು ಮಾರುಕಟ್ಟೆಯ ಎದುರಿಗೇ ಅಂಗಡಿ ತೆರೆದರು. ಮಸಾಲೆಗೆ ಓಲ್ಡ್ ಬೇ ಎಂಬ ಹೆಸರು ಬಂದದ್ದು ಕೊಲ್ಲಿಯಲ್ಲಿ ಓಡುತ್ತಿದ್ದ ಹಡಗು ಸಂಸ್ಥೆಯಿಂದ.

ಈಗ ನಾನು ಒಂದು ಪೌಂಡ್ ಮಾಂಸಕ್ಕೆ ಒಂದು ಟೀ ಚಮಚ ಪುಡಿ ಹಾಕಿ ನಿಲ್ಲಿಸುತ್ತೇನೆ. ನಾಣ್ಯದಷ್ಟು ಹಿಟ್ಟು ಬೇಯಿಸಿ ನೋಡದೆ ಉಪ್ಪಿನ ಡಬ್ಬಿ ಮುಟ್ಟುವುದಿಲ್ಲ. ನಮ್ಮ ಮಸಾಲೆಯಂತೆ ಇದನ್ನು ಕಾದ ಎಣ್ಣೆಯಲ್ಲಿ ಬಾಡಿಸುವುದೂ ಬೇಡ, ಪ್ಯಾಪ್ರಿಕಾ ಸೀದು ಕಹಿಯಾಗುತ್ತದೆ. ಕರಿದ ಆಲೂಗಡ್ಡೆಗೋ ಬೆಣ್ಣೆ ಸವರಿದ ಜೋಳದ ತೆನೆಗೋ ಬಿಸಿಯಿರುವಾಗ ಮೇಲಿಂದ ಉದುರಿಸಿದರೆ ಸೊಗಸು.

ಆ 5 ಪೌಂಡನ್ನು ಎಸೆಯಲಿಲ್ಲ. ಸಿಬ್ಬಂದಿಯ ಊಟಕ್ಕೆ ಸಣ್ಣ ಸಣ್ಣ ವಡೆ ತಟ್ಟಿದೆವು, ನಾನು ಉಪ್ಪಿಲ್ಲದ ಗಂಜಿ ಬೇಯಿಸಿದೆ. ನೆಂಚಿಕೊಳ್ಳಲು ಉಪ್ಪಿನಕಾಯಿ ಬೇಕೆನಿಸಲಿಲ್ಲ. ಬಾಣಸಿಗರು ಎರಡನೇ ಸಲ ಗಂಜಿ ಹಾಕಿಸಿಕೊಂಡರು.